ತಾಯಂದಿರಿಗೆ ಅಡುಗೆ ಕಲಿಸಿದ ಹೆಣ್ಣುಮಕ್ಕಳು

ಅಮೆರಿಕದ ಮಿಲ್ವಾಕಿ ನಗರದಲ್ಲಿ 1901ರಲ್ಲಿ ಒಂದು ಸಣ್ಣ ಬೇಡಿಕೆ ತಿರಸ್ಕೃತವಾಯಿತು. ಬಡ ವಲಸಿಗರ ಹೆಣ್ಣುಮಕ್ಕಳಿಗೆ ಅಡುಗೆ ಹೇಳಿಕೊಡುತ್ತಿದ್ದ ಲಿಜ್ಜಿ ಬ್ಲ್ಯಾಕ್ ಕ್ಯಾಂಡರ್ ಎಂಬ ಮಹಿಳೆ ತಮ್ಮ ಸಂಸ್ಥೆಯ ಆಡಳಿತ ಮಂಡಳಿಯನ್ನು 18 ಡಾಲರ್ ಕೇಳಿದ್ದರು. ಪಾಠದ ಹೊತ್ತಿನ ಬಹುಪಾಲು ಹುಡುಗಿಯರು ಕಪ್ಪುಹಲಗೆ ನೋಡಿ ಬರೆದುಕೊಳ್ಳುವುದರಲ್ಲೇ ಕಳೆದುಹೋಗುತ್ತಿತ್ತು. ಅದನ್ನೇ ಅಚ್ಚು ಹಾಕಿಸಿ ಕೈಗೆ ಕೊಟ್ಟರೆ ಆ ಹೊತ್ತನ್ನು ಒಲೆಯ ಮುಂದೆ ಕಳೆಯಬಹುದೆಂಬುದು ಆಕೆಯ ಲೆಕ್ಕ. ಮಂಡಳಿಯಲ್ಲಿದ್ದ ಗಂಡಸರು ಹಣ ಕೊಡಲು ಒಪ್ಪಲಿಲ್ಲ. ಪುಸ್ತಕದಿಂದ ಲಾಭವೇನಾದರೂ ಬಂದರೆ ಪಾಲು ತೆಗೆದುಕೊಳ್ಳಲು ತಮ್ಮ ಅಭ್ಯಂತರವಿಲ್ಲ ಎಂದು ತಮಾಷೆ ಮಾಡಿ ಕಳಿಸಿದರಂತೆ.

ಕ್ಯಾಂಡರ್ ಊರಿನ ಅಂಗಡಿಗಳಿಂದ ಜಾಹೀರಾತು ಹಿಡಿದು, ಮುದ್ರಕರೊಬ್ಬರನ್ನು ಒಪ್ಪಿಸಿ, ಅದೇ ವರ್ಷ ಸಾವಿರ ಪ್ರತಿ ಅಚ್ಚು ಹಾಕಿಸಿದರು. 'ದಿ ಸೆಟ್ಲ್‌ಮೆಂಟ್ ಕುಕ್ ಬುಕ್' ಎಂಬ ಆ ಪುಸ್ತಕ ವಿದ್ಯಾರ್ಥಿನಿಯರಿಗೆ ಪುಕ್ಕಟೆ, ಮಿಕ್ಕವರಿಗೆ 50 ಸೆಂಟ್. ಹತ್ತು ವರ್ಷ ಕಳೆಯುವಷ್ಟರಲ್ಲಿ ಸಂಸ್ಥೆಗೆ ಹೊಸ ಕಟ್ಟಡ ಎದ್ದಿತು. ಅದರ ನಿವೇಶನ ಕೊಳ್ಳಲು ನೆರವಾದದ್ದು ಈ ಪುಸ್ತಕದ ಹಣ. ಮುಂದೆ ಅದು ಸುಮಾರು ಇಪ್ಪತ್ತು ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು. ತಮಾಷೆ ಮಾಡಿದವರಿಗೆ ಕೊನೆಗೂ ಪಾಲು ಸಿಕ್ಕಿತೆನ್ನಬೇಕು.

ಪುಸ್ತಕದ ಈ ಯಶಸ್ಸಿನ ಕತೆಯನ್ನು ಅಮೆರಿಕನ್ನರು ಮತ್ತೆ ಮತ್ತೆ ಹೇಳಿಕೊಂಡು ಸಂತೋಷಪಡುತ್ತಾರೆ. ಆದರೆ ಅದು ಹುಟ್ಟಿಬಂದ ತರಗತಿಯ ಒಳಗೆ ನಡೆದದ್ದು ಇದಕ್ಕಿಂತ ತೊಡಕಿನದು. ಅಡುಗೆ ಎಂಬುದು ಎಲ್ಲ ಕಾಲದಲ್ಲೂ ಎಲ್ಲ ನಾಡಿನಲ್ಲೂ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದುಬರುವ ವಿದ್ಯೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನಗರಗಳಲ್ಲಿ ಹುಟ್ಟಿಕೊಂಡ ಈ ತರಗತಿಗಳು ಆ ಹೊಳೆಯನ್ನು ಹಿಂದುಮುಂದಾಗಿ ಹರಿಸಲು ಹೊರಟವು. ಹನ್ನೆರಡು ಹದಿಮೂರರ ಹುಡುಗಿ ಸಂಜೆ ತರಗತಿಯಲ್ಲಿ ಕಲಿತು ಮನೆಗೆ ಹೋಗಿ, ಐದಾರು ಮಕ್ಕಳನ್ನು ಹೆತ್ತು ಸಾಕಿದ ತಾಯಿಗೆ ಅಡುಗೆ ಹೇಗೆ ಮಾಡಬೇಕೆಂದು ಹೇಳಬೇಕು. ಯೋಜನೆಯ ತಿರುಳೇ ಇದು.

ಹಾಗೆ ಯೋಜಿಸಿದವರಿಗೆ ಕಾರಣಗಳಿದ್ದವು. 1881ರಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾದ ಮೇಲೆ ಅಲ್ಲಿನ ಯೆಹೂದಿಗಳ ಮೇಲೆ ದೊಂಬಿಗಳು ಶುರುವಾದವು. ಆ ವರ್ಷದಿಂದ 1914ರವರೆಗೆ ಪೂರ್ವ ಯೂರೋಪಿನಿಂದ ಸುಮಾರು ಇಪ್ಪತ್ತು ಲಕ್ಷ ಯೆಹೂದಿಗಳು ಅಮೆರಿಕಕ್ಕೆ ಬಂದಿಳಿದರು. ಇಟಲಿಯಿಂದ, ಪೋಲೆಂಡಿನಿಂದ ಬಂದವರು ಬೇರೆ. ನ್ಯೂಯಾರ್ಕ್, ಷಿಕಾಗೊಗಳ ಇಕ್ಕಟ್ಟಾದ ವಠಾರಗಳಲ್ಲಿ, ಗಾಳಿ ಬೆಳಕಿಲ್ಲದ ಒಂದೆರಡು ಕೋಣೆಗಳಲ್ಲಿ ಇಡೀ ಸಂಸಾರ ಇರಬೇಕು. ನೀರು, ಕಕ್ಕಸು ಹಲವರಿಗೆ ಸೇರಿದ್ದು. ಹಳ್ಳಿಯಲ್ಲಿ ಕಲಿತ ಗೃಹಕೃತ್ಯ ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದು. ಇಟಲಿಯ ಹಳ್ಳಿಯ ಹೆಂಗಸು ಮನೆಯಲ್ಲಿ ರೊಟ್ಟಿಯ ಹಿಟ್ಟು ನಾದಿ ಊರಿನ ಸಾಮೂಹಿಕ ಒಲೆಗೆ ಒಯ್ದು ಸುಡಿಸಿಕೊಂಡು ಬರುತ್ತಿದ್ದಳು. ಅವಳು ಸ್ವತಃ ರೊಟ್ಟಿ ಸುಟ್ಟವಳೇ ಅಲ್ಲ. ಷಿಕಾಗೊದ ಬಾಡಿಗೆ ಕೋಣೆಯಲ್ಲಿ ಅವಳೆದುರು ನಿಂತಿದ್ದದ್ದು ಕಬ್ಬಿಣದ ಕಲ್ಲಿದ್ದಲ ಒಲೆ. ಅದರ ಬಾಗಿಲು, ತಟ್ಟಿ, ಹೊಗೆಗೂಡುಗಳನ್ನು ಶಾಲೆಯಲ್ಲಿ ನೋಡಿ ಬಂದ ಮಗಳು ಬಲ್ಲಳು, ತಾಯಿ ಅರಿಯಳು.

ಭಾಷೆಯ ಮಾತೂ ಹಾಗೆಯೇ. ಇಂಗ್ಲಿಷು ಮೊದಲು ಬಂದದ್ದು ಮಕ್ಕಳ ನಾಲಿಗೆಗೆ. ಅಂಗಡಿಯವನೊಡನೆ, ಮನೆಯ ಯಜಮಾನನೊಡನೆ, ವೈದ್ಯರೊಡನೆ ಮಾತಾಡುವವರು ಅವರೇ. ಮುಂದೆ ಇಸ್ರೇಲಿನ ಪ್ರಧಾನಿಯಾದ ಗೋಲ್ಡಾ ಮೈರ್ 1906ರಲ್ಲಿ ಎಂಟು ವರ್ಷದ ಹುಡುಗಿಯಾಗಿ ಬಂದಿಳಿದದ್ದು ಇದೇ ಮಿಲ್ವಾಕಿಗೆ. ಆಕೆಯ ತಾಯಿ ಇಂಗ್ಲಿಷೂ ಬಾರದೆ ವ್ಯಾಪಾರದ ಅನುಭವವೂ ಇಲ್ಲದೆ ದಿನಸಿ ಅಂಗಡಿ ತೆರೆದರು. ಬೆಳಿಗ್ಗೆ ತಾಯಿ ಸರಕು ತರಲು ಹೋದಾಗ ಅಂಗಡಿ ಕಾಯುತ್ತಿದ್ದವಳು ಈ ಪುಟ್ಟ ಹುಡುಗಿ. ಶಾಲೆಗೆ ತಡವಾಗಿ ಅಳುತ್ತಾ ಹೋಗುತ್ತಿದ್ದುದನ್ನು ಆಕೆ ಆತ್ಮಕತೆಯಲ್ಲಿ ಬರೆದಿದ್ದಾರೆ. ಹೊರಜಗತ್ತಿಗೂ ಮನೆಗೂ ನಡುವೆ ಮಕ್ಕಳೇ ದುಭಾಷಿಗಳಾದಾಗ ಹಿರಿತನ ಯಾರದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಡುಗೆಮನೆ ಒಂದೇ ತಾಯಿಗೆ ಉಳಿದಿದ್ದ ರಾಜ್ಯ.

ಆ ರಾಜ್ಯದ ಗಡಿ ದಾಟಿದವರು 'ಸೆಟ್ಲ್‌ಮೆಂಟ್ ಹೌಸ್'ಗಳನ್ನು ನಡೆಸುತ್ತಿದ್ದವರು. ವಿದ್ಯಾವಂತರು ಬಡವರ ಕೇರಿಯಲ್ಲೇ ಮನೆ ಮಾಡಿ, ಅವರ ನಡುವೆ ಬಾಳುತ್ತ ಸೇವೆ ಮಾಡಬೇಕೆಂಬ ಈ ವಿಚಾರ ಲಂಡನ್ನಿನಲ್ಲಿ 1884ರಲ್ಲಿ ಟಾಯ್ನ್‌ಬಿ ಹಾಲ್‌ನೊಂದಿಗೆ ಆರಂಭವಾಯಿತು. ಅದನ್ನು ಕಂಡು ಬಂದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆಗೂಡಿ 1889ರಲ್ಲಿ ಷಿಕಾಗೊದಲ್ಲಿ ಹಲ್ ಹೌಸ್ ತೆರೆದರು. 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಆಡಮ್ಸ್ ಇವರೇ. ಶಿಶುವಿಹಾರ, ಗ್ರಂಥಾಲಯ, ಸ್ನಾನಗೃಹ, ಇಂಗ್ಲಿಷ್ ಪಾಠ, ಹೊಲಿಗೆ ಪಾಠಗಳ ಸಾಲಿನಲ್ಲಿ ಅಡುಗೆಯ ಪಾಠವೂ ಈ ಮನೆಗಳಿಗೆ ಬಂತು.

ಪಾಠಕ್ಕೆ ಬೇಕಾದ ಶಾಸ್ತ್ರ ಸಿದ್ಧವಾಗಿದ್ದದ್ದು ಬಾಸ್ಟನ್ನಿನಲ್ಲಿ. ಅಲ್ಲಿಯ ಅಡುಗೆ ಶಾಲೆ ಆರಂಭವಾದದ್ದು 1879ರಲ್ಲಿ. ಅದರ ಮುಖ್ಯಸ್ಥೆಯಾಗಿದ್ದ ಫ್ಯಾನಿ ಫಾರ್ಮರ್ 1896ರಲ್ಲಿ ಹೊರತಂದ ಪುಸ್ತಕ ಅಳತೆಯ ವಿಷಯದಲ್ಲಿ ಕ್ರಾಂತಿಯನ್ನೇ ಮಾಡಿತು. ಅಂದಾಜಿನ ಮಾತನ್ನೆಲ್ಲ ಬಿಟ್ಟು, ಬಟ್ಟಲಿಗೆ ತುಂಬಿ ಚಾಕುವಿನಿಂದ ಮೇಲ್ಭಾಗ ಸವರಿ ಸಮ ಮಾಡಿದ ಅಳತೆಯೇ ಅಳತೆ ಎಂದು ಆಕೆ ವಿಧಿಸಿದರು. (ಆ ಪುಸ್ತಕವನ್ನೂ ಪ್ರಕಾಶಕರು ನಂಬಲಿಲ್ಲ. ಮೊದಲ 3,000 ಪ್ರತಿಗಳ ಖರ್ಚನ್ನು ಫಾರ್ಮರ್ ಕೈಯಿಂದಲೇ ವಸೂಲು ಮಾಡಿದರು. ಅಡುಗೆ ಪುಸ್ತಕಗಳ ವಿಷಯದಲ್ಲಿ ಗಂಡಸರ ವ್ಯವಹಾರಜ್ಞಾನ ಆ ಕಾಲದಲ್ಲಿ ಪದೇ ಪದೇ ಎಡವಿದೆ.) ಹಿಡಿ, ಚಿಟಿಕೆ, ಕಣ್ಣಂದಾಜು, ಕೈಯಂದಾಜುಗಳಲ್ಲಿ ಬೆಳೆದ ನಮ್ಮ ಹಿಂದಿನ ತಲೆಮಾರಿನವರಿಗೆ ಇದರ ಅರ್ಥ ಚೆನ್ನಾಗಿ ಆಗುತ್ತದೆ. ಕೈಯಂದಾಜು ಕಲಿಯಬೇಕಾದರೆ ಕಲಿಸುವವಳ ಪಕ್ಕದಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ಬಟ್ಟಲಿನ ಅಳತೆಗೆ ಯಾರ ಪಕ್ಕದಲ್ಲೂ ನಿಲ್ಲಬೇಕಿಲ್ಲ, ಓದಲು ಬಂದರೆ ಸಾಕು. ಓದು ಬಲ್ಲ ಮಗಳ ಕೈಗೆ ಅಧಿಕಾರ ದಾಟಿದ್ದು ಈ ಬಟ್ಟಲಿನ ಮೂಲಕ.

ಅಳತೆಯ ಜೊತೆಗೇ ಪೋಷಣೆಯ ವಿಜ್ಞಾನವೂ ಬಂತು. ಬಾಸ್ಟನ್ನಿನ ರಸಾಯನ ವಿಜ್ಞಾನಿ ಎಲೆನ್ ರಿಚರ್ಡ್ಸ್ ಮತ್ತು ಮೇರಿ ಹಿನ್‌ಮನ್ ಏಬೆಲ್ 1890ರಲ್ಲಿ 'ನ್ಯೂ ಇಂಗ್ಲೆಂಡ್ ಕಿಚನ್' ಎಂಬ ಮಾದರಿ ಅಡುಗೆಮನೆ ತೆರೆದು, ಕಡಿಮೆ ಬೆಲೆಯ ಪುಷ್ಟಿಕರ ಸಾರು, ಗಂಜಿ, ಹುರುಳಿಕಾಯಿ ಬೀಜದ ಖಾದ್ಯಗಳನ್ನು ತೂಕ ಹಾಕಿ ತಯಾರಿಸಿ ಬಡವರಿಗೆ ಮಾರತೊಡಗಿದರು. ಅದರದೇ ಇನ್ನೊಂದು ರೂಪವನ್ನು 1893ರ ಷಿಕಾಗೊ ವಿಶ್ವಮೇಳದಲ್ಲಿ ಪ್ರದರ್ಶನಕ್ಕಿಟ್ಟರು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಮೇಳದ ಅಂಗವಾಗಿ. ಬಡವರು ಅಗ್ಗದ ಮಾಂಸವನ್ನು ಸರಿಯಾಗಿ ಬೇಯಿಸಲು ಕಲಿತರೆ ಇರುವ ಕೂಲಿಯಲ್ಲೇ ಸುಖವಾಗಿ ಬಾಳಬಹುದೆಂದು ಇದಕ್ಕೆ ಬೆಂಬಲ ಕೊಟ್ಟ ವ್ಯಾಪಾರಸ್ಥ ಎಡ್ವರ್ಡ್ ಅಟ್ಕಿನ್ಸನ್ ಪ್ರಚಾರ ಮಾಡಿದ. ಕೂಲಿ ಹೆಚ್ಚಿಸದೆ ಮೂಳೆ ಬೇಯಿಸಿ ಕುಡಿಯಲು ಹೇಳುವ ಉಪಾಯವಿದು ಎಂದು ಕಾರ್ಮಿಕ ನಾಯಕ ಯೂಜಿನ್ ಡೆಬ್ಸ್ ಛೇಡಿಸಿದ. ಡೆಬ್ಸ್‌ನ ಮಾತಿನಲ್ಲಿ ಹುರುಳಿತ್ತು.

ಹಲ್ ಹೌಸ್‌ನಲ್ಲೂ ಬಾಸ್ಟನ್ ಮಾದರಿಯ ಅಡುಗೆಮನೆ ಶುರುವಾಯಿತು. ಕೇರಿಯ ಜನ ಬರಲೇ ಇಲ್ಲವೆನ್ನುವಷ್ಟು ಕಡಿಮೆ ಬಂದರು. ಇಲ್ಲಿಯ ಊಟ ಪುಷ್ಟಿಕರವೇನೋ ಹೌದು, ಆದರೆ ತನಗೆ ಬೇಕಾದ್ದನ್ನು ತಿನ್ನುವುದೇ ತನಗಿಷ್ಟ ಎಂದು ಹೆಂಗಸೊಬ್ಬಳು ಮುಖಕ್ಕೇ ಹೇಳಿದ್ದನ್ನು ಆಡಮ್ಸ್ 1910ರಲ್ಲಿ ಪ್ರಕಟವಾದ ತಮ್ಮ ಆತ್ಮಕತೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ದೊಡ್ಡವರ ನಾಲಿಗೆ ಬದಲಾಗದು ಎಂಬುದು ಸುಧಾರಕರಿಗೆ ಹೊಳೆಯಿತು. ಆಮೇಲೆ ಭರವಸೆಯೆಲ್ಲ ಮಕ್ಕಳ ಮೇಲೆ.

ಅದೇ ಆತ್ಮಕತೆಯಲ್ಲಿ ಆಂಜೆಲಿನಾ ಎಂಬ ಇಟಾಲಿಯನ್ ಹುಡುಗಿಯ ಪ್ರಸಂಗವೊಂದಿದೆ. ಆಕೆ ಶನಿವಾರ ಸಂಜೆ ಹಲ್ ಹೌಸ್‌ಗೆ ಅಡುಗೆ ತರಗತಿಗೆ ಬರುತ್ತಿದ್ದಳು. ಅದೇ ಸಂಜೆ ಅವಳ ತಾಯಿಯೂ ಅಲ್ಲಿಗೇ ಬರುತ್ತಿದ್ದಳು, ನೂಲು ತೆಗೆದು ತೋರಿಸಲು. 1900ರಲ್ಲಿ ಆಡಮ್ಸ್ ಅಲ್ಲೊಂದು ಶ್ರಮ ಸಂಗ್ರಹಾಲಯ ಆರಂಭಿಸಿದ್ದರು. ಹಳ್ಳಿಗಳಿಂದ ಬಂದ ಹಿರಿಯರು ತಮಗೆ ಗೊತ್ತಿದ್ದ ಕೈಕಸಬನ್ನು ಅಲ್ಲಿ ಜನರೆದುರು ಮಾಡಿ ತೋರಿಸುತ್ತಿದ್ದರು. ಒಟ್ಟಿಗೆ ನಡೆದು ಬರುತ್ತಿದ್ದ ತಾಯಿ ಮಗಳು ಬಾಗಿಲಲ್ಲಿ ಬೇರೆಯಾಗುತ್ತಿದ್ದರು. ತಾಯಿಯನ್ನು ಮುಂಬಾಗಿಲಲ್ಲಿ ಬಿಟ್ಟು ಮಗಳು ಬಳಸಿಕೊಂಡು ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿ, ಒರಟು ಬೂಟು, ಗಿಡ್ಡ ಲಂಗ ತೊಟ್ಟ ಆ ಹಳ್ಳಿ ಹೆಂಗಸು ತನ್ನ ತಾಯಿಯೆಂದು ಅಡುಗೆ ತರಗತಿಯ ಗೆಳತಿಯರಿಗೆ ತಿಳಿಯುವುದು ಅವಳಿಗೆ ಬೇಕಿರಲಿಲ್ಲ.

ಒಂದು ಸಂಜೆ ಶಿಕ್ಷಣ ಕಾಲೇಜಿನಿಂದ ಬಂದವರು ತಾಯಿಯ ಸುತ್ತ ನೆರೆದು ಮೆಚ್ಚಿಕೊಳ್ಳುತ್ತಿದ್ದುದನ್ನು ಆಂಜೆಲಿನಾ ಕಂಡಳು. ಕೈಗದಿರಿನಲ್ಲಿ, ಎಂದರೆ ನಮ್ಮ ತಕಲಿಯಂಥದರಲ್ಲಿ, ನೂಲು ತೆಗೆಯುವುದರಲ್ಲಿ ಅಮೆರಿಕದಲ್ಲೇ ತನ್ನ ತಾಯಿಯ ಸಮಾನರಿಲ್ಲ ಎಂದು ಅವರ ಮಾತಿನಿಂದ ಅವಳಿಗೆ ತಿಳಿಯಿತು. ಇದು ನಿಜವೇ ಎಂದು ಆಡಮ್ಸ್‌ರನ್ನು ಕೇಳಿದಳು. ಆಕೆ ತಾಯಿಯ ಊರಿನ ಕತೆ ಹೇಳಿದರು. ಆ ಹಳ್ಳಿ ಕಡಿದಾದ ಜಾಗದಲ್ಲಿತ್ತು. ಹೆಂಗಸರು ಬಂಡೆಯಂಚಿನಲ್ಲಿ ನಿಂತು ಕದಿರನ್ನು ಕೆಳಗೆ ಇಳಿಬಿಟ್ಟು ನೂಲುತ್ತಿದ್ದುದರಿಂದ ಸುತ್ತಲಿನ ಊರಿನವರಿಗಿಲ್ಲದ ಕುಶಲತೆ ಅವರಿಗೆ ಬಂದಿತ್ತು. ಆಮೇಲೆ ಎರಡು ಬದಲಾವಣೆಗಳಾದವು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬಚ್ಚಿಡಿಸಿದ್ದ ಊರಿನ ನೇಯ್ಗೆಯ ಬಟ್ಟೆಗಳನ್ನು ತಾಯಿ ಹೊರತೆಗೆಯಲು ಮಗಳು ಒಪ್ಪಿದಳು. ಮತ್ತು ತಾಯಿ ಬರುವ ಬಾಗಿಲಿನಿಂದಲೇ ತಾನೂ ಬರತೊಡಗಿದಳು.

ಹಿರಿಯರು ಕಿರಿಯರನ್ನು ಕೂಡಿಸುವ ಕೆಲಸದ ಬಗ್ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೂ ಒಂದು ಅಂಶ ಕಣ್ಣಿಗೆ ಬೀಳದೆ ಇರದು. ತಾಯಿಗೆ ಗೌರವ ಸಿಕ್ಕಿದ್ದು ಕದಿರಿನಿಂದ, ಸೌಟಿನಿಂದಲ್ಲ. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಮಗಳು ಕಲಿಯುತ್ತಿದ್ದದ್ದು ತಾಯಿಯ ಅಡುಗೆಯನ್ನಲ್ಲ. ಗಿರಣಿಗಳು ಬಂದು ಕೈನೂಲಿನ ಕಾಲ ಮುಗಿದಿತ್ತು. ಮುಗಿದದ್ದನ್ನು ಸಂಗ್ರಹಾಲಯದಲ್ಲಿಟ್ಟು ಮೆಚ್ಚುವುದು ಸುಲಭ. ತಾಯಿಯ ಅಡುಗೆ ಇನ್ನೂ ಬದುಕಿತ್ತು, ಪ್ರತಿ ರಾತ್ರಿ ತಟ್ಟೆಗೆ ಬೀಳುತ್ತಿತ್ತು. ಆದ್ದರಿಂದ ಅದು ತಿದ್ದಬೇಕಾದ ವಸ್ತುವಾಗಿತ್ತು. ಬೆಳ್ಳುಳ್ಳಿ, ಮಸಾಲೆ, ಉಪ್ಪಿನಕಾಯಿಗಳು ನರಗಳನ್ನು ಕೆರಳಿಸುತ್ತವೆ, ಮಾಂಸ ತರಕಾರಿ ಕಾಳುಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಜೀರ್ಣವಾಗದು ಎಂದು ಆಗಿನ ತಜ್ಞರು ನಂಬಿದ್ದರು. ಅವರ ಆದರ್ಶ ಹಿಟ್ಟು, ಬೆಣ್ಣೆ, ಹಾಲು ಬೆರೆಸಿ ಕಾಯಿಸಿದ ಸಪ್ಪೆ ಬಿಳಿ ಸಾಸ್.

ಮಿಲ್ವಾಕಿಯ ಕ್ಯಾಂಡರ್ ಈ ಎಲ್ಲ ನಂಬಿಕೆಗಳ ನಡುವೆಯೇ ಬೆಳೆದವರು. 1858ರಲ್ಲಿ ಅದೇ ಊರಿನಲ್ಲಿ ಜರ್ಮನ್ ಮೂಲದ ಯೆಹೂದಿ ಮನೆತನದಲ್ಲಿ ಹುಟ್ಟಿ, ಶಾಲೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದವರು. ಜರ್ಮನ್ ಯೆಹೂದಿಗಳು ಒಂದೆರಡು ತಲೆಮಾರು ಮೊದಲೇ ಬಂದು ನೆಲೆಯೂರಿದ್ದರು. ರಷ್ಯದಿಂದ ಬಂದ ಬಡ ಬಂಧುಗಳನ್ನು ಕಂಡು ಅವರಿಗೆ ಕನಿಕರವೂ ಇತ್ತು, ಅಳುಕೂ ಇತ್ತು. ಈ ಹೊಸಬರ ಉಡುಗೆ ತೊಡುಗೆ, ಮಾತು, ಕೊಳಕು ಕೇರಿಗಳಿಂದಾಗಿ ಊರಿನವರ ತಿರಸ್ಕಾರ ತಮ್ಮ ಮೇಲೂ ತಿರುಗೀತೆಂಬ ಅಳುಕು ಅದು. ಶುಚಿತ್ವದ ಪಾಠದಿಂದ ಆರಂಭಿಸಿದ ಕ್ಯಾಂಡರ್ ಮತ್ತು ಗೆಳತಿಯರು 1896ರಲ್ಲಿ ಒಂದು ಮಿಷನ್ ಕಟ್ಟಿದರು. ಅದೇ 1900ರಲ್ಲಿ 'ದಿ ಸೆಟ್ಲ್‌ಮೆಂಟ್' ಆಯಿತು. ಮನೆಯನ್ನು ಮುಟ್ಟಬೇಕಾದರೆ ಮಕ್ಕಳ ಮೂಲಕವೇ ಮುಟ್ಟಬೇಕು ಎಂಬ ನಿಲುವು ಆಕೆಯದೂ ಆಗಿತ್ತು.

ಯೆಹೂದಿ ಮನೆಯ ಅಡುಗೆಯಲ್ಲಿ ರುಚಿಯೊಂದೇ ವಿಷಯವಲ್ಲ, ಧರ್ಮವೂ ಸೇರಿದೆ. ಹಂದಿ ನಿಷಿದ್ಧ. ಚಿಪ್ಪುಮೀನು, ಸೀಗಡಿ, ಏಡಿ ನಿಷಿದ್ಧ. ಮಾಂಸವನ್ನೂ ಹಾಲು ಬೆಣ್ಣೆಯನ್ನೂ ಒಂದೇ ಊಟದಲ್ಲಿ ಬೆರೆಸುವಂತಿಲ್ಲ, ಎರಡಕ್ಕೂ ಪಾತ್ರೆಗಳೇ ಬೇರೆ. 'ಕೋಷರ್' ಎಂಬ ಈ ಕಟ್ಟಳೆ, ಮಡಿ ಮುಸುರೆ ಕಂಡ ನಮ್ಮವರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಹುಡುಗಿ ತರಗತಿಯಲ್ಲಿ ಕಲಿತ ಬಿಳಿ ಸಾಸನ್ನು ಮನೆಯಲ್ಲಿ ಮಾಂಸದ ಮೇಲೆ ಸುರಿದರೆ ಕೆಡುವುದು ಒಂದು ಊಟ ಮಾತ್ರವಲ್ಲ, ಪಾತ್ರೆಯೂ ಕೆಟ್ಟಂತೆಯೇ. ಕ್ಯಾಂಡರ್ ಅವರ ಪುಸ್ತಕದಲ್ಲಿ ಚಿಪ್ಪುಮೀನಿನ ಅಡುಗೆಗಳೂ ಇದ್ದವು. ಶ್ರದ್ಧಾವಂತ ತಾಯಿಯೊಬ್ಬಳು ಆ ಪುಟಗಳನ್ನು ಓದಿಸಿ ಕೇಳಿದ್ದರೆ ಪುಸ್ತಕವನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದಳೋ ಇಲ್ಲವೋ.

ಹಾಗಿದ್ದೂ ಆ ಪುಸ್ತಕ ಬಾಸ್ಟನ್ನಿನ ಪುಸ್ತಕದ ನಕಲಾಗಲಿಲ್ಲ. ಒಲೆ ಹೊತ್ತಿಸುವುದು, ಅಳೆಯುವುದು ಮುಂತಾದ ಶಾಲಾ ಪಾಠಗಳ ಪಕ್ಕದಲ್ಲೇ ಕ್ಯಾಂಡರ್ ತಮ್ಮ ಬಳಗದ ಮನೆಗಳಿಂದ ಕೇಳಿ ತಂದ ಅಡುಗೆಗಳನ್ನೂ ಸೇರಿಸಿದರು. ಜರ್ಮನ್ ಅಜ್ಜಿಯರ ಕೂಖೆನ್ ಎಂಬ ಸಿಹಿ ರೊಟ್ಟಿಗಳು ಬಂದವು. ಪಾಸೋವರ್ ಹಬ್ಬದ ಹುಳಿ ಬರಿಸದ ಮಾಟ್ಸಾ ರೊಟ್ಟಿಯನ್ನು ಪುಡಿ ಮಾಡಿ, ಮೊಟ್ಟೆ ಬೆರೆಸಿ ಕಟ್ಟಿದ ಉಂಡೆಗಳನ್ನು ಸಾರಿನಲ್ಲಿ ಬೇಯಿಸುವ ಕ್ರಮ ಬಂತು. ಮೀನನ್ನು ಕೊಚ್ಚಿ ಹದ ಮಾಡಿ ಬೇಯಿಸುವ ಸಬ್ಬತ್ ದಿನದ ಅಡುಗೆ ಬಂತು. ಇದರ ಹಿಂದೆ ಯಾವ ಸಿದ್ಧಾಂತವೂ ಇದ್ದಂತೆ ಕಾಣುವುದಿಲ್ಲ. ಪುಸ್ತಕ ಮಾರಾಟವಾಗಬೇಕಿತ್ತು, ಕೊಳ್ಳುವ ಹೆಂಗಸರಿಗೆ ತಮ್ಮ ಮನೆಯ ರುಚಿಯೂ ಬೇಕಿತ್ತು, ಅಷ್ಟೇ. ಆದರೆ ಪರಿಣಾಮ ದೊಡ್ಡದು. ಅಜ್ಜಿಯ ಕೈಯಂದಾಜಿನಲ್ಲಿದ್ದ ಮಾಟ್ಸಾ ಉಂಡೆ ಬಟ್ಟಲು ಚಮಚಗಳ ಲೆಕ್ಕಕ್ಕೆ ಸಿಕ್ಕಿ, ಬಿಳಿ ಸಾಸಿನ ಸರಿಸಮಕ್ಕೆ ಅಚ್ಚಿನಲ್ಲಿ ಕೂತಿತು. ಹಲ್ ಹೌಸ್‌ನಲ್ಲಿ ಸಂಗ್ರಹಾಲಯಕ್ಕೂ ಅಡುಗೆ ತರಗತಿಗೂ ಇದ್ದ ಗೋಡೆ ಇಲ್ಲಿ ಇರಲಿಲ್ಲ. ಬಹುಸಂಖ್ಯೆಯ ರಷ್ಯನ್ ಯೆಹೂದಿ ತಾಯಂದಿರ ಅಡುಗೆಗೆ ಮೊದಲ ಮುದ್ರಣದಲ್ಲಿ ಸಿಕ್ಕ ಜಾಗ ಕಡಿಮೆಯೇ. ಅಚ್ಚಾದದ್ದು ಹೆಚ್ಚಾಗಿ ಕಲಿಸುವವರ ಅಜ್ಜಿಯರದು, ಕಲಿಯುವವರ ಅಜ್ಜಿಯರದಲ್ಲ. ಇದನ್ನೂ ಹೇಳಬೇಕು.

ಕಲಿಯುವ ಹುಡುಗಿಯರು ಒಳಗೊಳಗೆ ಏನೆಂದುಕೊಂಡರು? ಬಹುಪಾಲು ಜನ ಏನನ್ನೂ ಬರೆದಿಡಲಿಲ್ಲ. ಬರೆದವರಲ್ಲಿ ಒಬ್ಬಳು ನ್ಯೂಯಾರ್ಕಿನ ಆಂಜಿಯಾ ಯೆಜಿಯೆರ್ಸ್ಕಾ. ಪೋಲೆಂಡಿನಿಂದ ಚಿಕ್ಕವಳಾಗಿ ಬಂದು, ಧರ್ಮಾರ್ಥ ನೆರವಿನಿಂದ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಗೃಹವಿಜ್ಞಾನ ಓದಿ, ಕೆಲವು ಕಾಲ ಶಾಲೆಗಳಲ್ಲಿ ಅಡುಗೆ ಪಾಠವನ್ನೇ ಹೇಳಿದಳು. ತಮ್ಮವರಿಗೆ ಅಡುಗೆ ಕಲಿಸಲಿ ಎಂದು ದಾನಿಗಳು ಓದಿಸಿದ್ದರು. ಅವಳಿಗೆ ಆ ಕೆಲಸ ಒಗ್ಗಲೇ ಇಲ್ಲ. ಬಿಟ್ಟು ಕತೆಗಾರ್ತಿಯಾದಳು. 1920ರ 'ಹಂಗ್ರಿ ಹಾರ್ಟ್ಸ್' ಸಂಕಲನದಲ್ಲಿ, ಉಪಕಾರ ಮಾಡುವ ಶ್ರೀಮಂತ ಹೆಂಗಸರು ಬಡವರ ಮನೆಯೊಳಗೆ ಬಂದು ಪ್ರಶ್ನೆ ಕೇಳುವಾಗ ಆಗುವ ಅವಮಾನ ಸುಡುವಂತೆ ಬಂದಿದೆ. 1925ರ 'ಬ್ರೆಡ್ ಗಿವರ್ಸ್' ಕಾದಂಬರಿಯಲ್ಲಿ ಹಳೆಯ ಕಾಲದ ತಂದೆಗೂ ಮಗಳಿಗೂ ನಡೆಯುವ ಜಗಳವೇ ವಸ್ತು. ಕಲಿಸುವವರ ಸದ್ಭಾವನೆ ಕಲಿಯುವವರ ಕಡೆಯಿಂದ ಹೇಗೆ ಕಂಡಿತೆಂದು ತಿಳಿಯಲು ಸಂಸ್ಥೆಗಳ ವಾರ್ಷಿಕ ವರದಿಗಳಿಗಿಂತ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ವಿಜ್ಞಾನವೂ ಬೇಗನೆ ಮಾತು ಬದಲಿಸಿತು. ಸೊಪ್ಪು ತರಕಾರಿಗಳಲ್ಲಿ ಶಕ್ತಿ ಕಡಿಮೆ, ಬಡವರು ಅದಕ್ಕೆ ಹಣ ಸುರಿಯುವುದು ದಂಡ ಎಂಬುದು 1890ರ ದಶಕದ ಬುದ್ಧಿವಾದ. 1912ರಲ್ಲಿ ಕಾಸಿಮಿರ್ ಫಂಕ್ 'ವಿಟಮಿನ್' ಎಂಬ ಪದ ಟಂಕಿಸಿದ. ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಬೆಣ್ಣೆಯಲ್ಲಿ ಮುಂದೆ ವಿಟಮಿನ್ 'ಎ' ಎನಿಸಿಕೊಂಡ ಅಂಶವನ್ನು ಗುರುತಿಸಿದರು. ಮಿಲ್ವಾಕಿ ಇರುವುದು ಅದೇ ವಿಸ್ಕಾನ್ಸಿನ್ ರಾಜ್ಯದಲ್ಲಿ. 1918ರ ಹೊತ್ತಿಗೆ ಹಾಲು ಮತ್ತು ಸೊಪ್ಪುಗಳೇ ದೇಹದ ರಕ್ಷಕ ಆಹಾರವೆಂದು ಮೆಕಾಲಮ್ ಸಾರುತ್ತಿದ್ದ. ಸೊಪ್ಪಿಗೆ ದುಡ್ಡು ಹಾಕುತ್ತಾಳೆಂದು ಬೈಸಿಕೊಂಡಿದ್ದ ಇಟಾಲಿಯನ್ ತಾಯಿ ಸರಿಯಾಗಿದ್ದಳು. ಅವಳ ಬಳಿ ಹೋಗಿ ಯಾರಾದರೂ ಹಾಗೆಂದು ಹೇಳಿದರೋ ಇಲ್ಲವೋ.

1924ರಲ್ಲಿ ಅಮೆರಿಕ ಹೊಸ ವಲಸೆ ಕಾನೂನು ಮಾಡಿ ಪೂರ್ವ ಮತ್ತು ದಕ್ಷಿಣ ಯೂರೋಪಿನವರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಹಳ್ಳಿಯಿಂದ ನೇರ ಬಂದ ತಾಯಂದಿರ ಸಾಲು ಅಲ್ಲಿಗೆ ನಿಂತಿತು. ಕ್ಯಾಂಡರ್ 1907ರಿಂದ 1919ರವರೆಗೆ ಊರಿನ ಶಾಲಾ ಮಂಡಳಿಯಲ್ಲಿದ್ದರು. ಪುಸ್ತಕದ ಹೊಸ ಮುದ್ರಣಗಳನ್ನು ವರ್ಷಗಟ್ಟಲೆ ತಾವೇ ತಿದ್ದಿ ಬೆಳೆಸಿ, 1940ರ ಜುಲೈಯಲ್ಲಿ ತೀರಿಕೊಂಡರು. ಆಗ ಯೂರೋಪಿನಲ್ಲಿ ಯುದ್ಧ ನಡೆಯುತ್ತಿತ್ತು. ಮುಂದಿನ ಐದು ವರ್ಷಗಳಲ್ಲಿ ಪೋಲೆಂಡ್, ಲಿಥುವೇನಿಯಾ, ಉಕ್ರೇನುಗಳ ಯೆಹೂದಿ ಊರುಕೇರಿಗಳು ಜನಸಮೇತ ನಾಶವಾದವು. ಅಲ್ಲಿಯ ಅಡುಗೆ ಕಲಿಯಬೇಕಾದರೆ ಅಲ್ಲಿಗೆ ಹೋಗಿ ಕಲಿಯುವ ದಾರಿ ಇಲ್ಲವಾಯಿತು. ಉಳಿದದ್ದು ಕಡಲು ದಾಟಿ ಬಂದ ಅಜ್ಜಿಯರ ಕೈಯಲ್ಲಿ ಇದ್ದಷ್ಟು, ಯಾರಾದರೂ ಅಳೆದು ಬರೆದಿಟ್ಟಿದ್ದರೆ ಪುಸ್ತಕದಲ್ಲಿ ಇದ್ದಷ್ಟು.

ಮಿಲ್ವಾಕಿಯ ಆ ತರಗತಿಗಳಲ್ಲಿ ಕಪ್ಪುಹಲಗೆ ನೋಡಿ ಬರೆದುಕೊಂಡ ಹುಡುಗಿಯರು ಆ ಹೊತ್ತಿಗೆ ಸ್ವತಃ ಅಜ್ಜಿಯಾಗುವ ವಯಸ್ಸಿಗೆ ಬಂದಿದ್ದರು. ಮದುವೆಯಾಗುವ ಹುಡುಗಿಗೆ 'ಸೆಟ್ಲ್‌ಮೆಂಟ್ ಕುಕ್ ಬುಕ್'ನ ಒಂದು ಪ್ರತಿಯನ್ನು ಉಡುಗೊರೆ ಕೊಡುವುದು ಅಮೆರಿಕದ ಎಷ್ಟೋ ಮನೆಗಳಲ್ಲಿ ರೂಢಿಯಾಗಿತ್ತು. ಯೆಹೂದಿಗಳಲ್ಲದ ಮನೆಗಳಲ್ಲೂ. ಕೊಡುತ್ತಿದ್ದವರು ಸಾಮಾನ್ಯವಾಗಿ ತಾಯಿ, ಇಲ್ಲವೇ ಅತ್ತೆ.